ಮಳೆ ಎಂಬ ಕರ್ತೃ

ಇಂಗ್ಲಿಷಿನ ‘ರೇನ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಇಟ್ ರೇನ್ಸ್’ ಎಂದರೆ ವಾಕ್ಯ ಪೂರ್ಣ. ಆದರೆ ಆ ‘ಇಟ್’ ಯಾರು? ಯಾರೂ ಅಲ್ಲ, ಕರ್ತೃವಿಲ್ಲದೆ ವಾಕ್ಯ ನಿಲ್ಲದೆಂದು ಇಟ್ಟ ಬರಿಯ ಗೊಂಬೆ.

ಕನ್ನಡದ ‘ಮಳೆ’ಯಾದರೋ ನಾಮಪದ ಮಾತ್ರ, ಕ್ರಿಯೆಗೆ ‘ಬರು’, ‘ಸುರಿ’, ‘ಹೊಯ್ಯು’ಗಳ ನೆರವು ಬೇಕು. ‘ಮಳೆಗರೆ’ ಎಂಬಲ್ಲಿ ಕೂಡಿರುವುದು ಹಾಲು ಕರೆಯುವ ‘ಕರೆ’ಯೇ, ಕಕಾರಕ್ಕೆ ಗಕಾರ ಆದೇಶವಾಗಿದೆ. ಮುಗಿಲೇ ಹಸುವಾಯಿತು!

ಮೊರಬದ ಎರೆಹೊಲದಲ್ಲಿ ಹೆಸರು ಬಿತ್ತಿ ಮುಗಿಲು ನೋಡುವ ರೈತನು ‘ಮಳಿ ಬಂತು’ ಎನ್ನುತ್ತಾನೆ. ಇಲ್ಲವೆ ‘ಮಳಿ ಕೈಕೊಟ್ತು’ ಎನ್ನುತ್ತಾನೆ. ಬರುವುದೂ ಮಳೆಯೇ, ವಂಚಿಸುವುದೂ ಮಳೆಯೇ. ಬೀಜ, ಗೊಬ್ಬರ, ಸಾಲಗಳನ್ನೆಲ್ಲ ಅದರ ಮೇಲೆ ಹೂಡಿದವನಿಗೆ ಕರ್ತೃಪದವು ಬರಿಯ ಗೊಂಬೆಯಾಗುವುದೆಂತು?