ಒಬ್ಬನೇ ಸಾಲದು

ಕಾಮಿಕ್ ಪುಸ್ತಕಗಳನ್ನೂ ಟೆಲಿವಿಷನ್ನಿನ ಕಾರ್ಟೂನ್ ಕಥೆಗಳನ್ನೂ ಬರೆದು ಬಾಳಿದವನೊಬ್ಬನನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನವೇ ಎಂದು ಕೆಲವು ಮಿತ್ರರು ಮೂಗು ಮುರಿಯಬಹುದು. ಅಂಥ ಬರಹ ಕೇವಲ ಮಕ್ಕಳಾಟವೆಂದು ನಾನೂ ನಂಬಿದ್ದೆ. ನನ್ನ ನಂಬಿಕೆಯನ್ನು ಅಲುಗಿಸಿದವನು ಅಮೆರಿಕದ ಡ್ವೇಯ್ನ್ ಮೆಕ್‌ಡಫಿ. ನನ್ನ ತಮ್ಮ ಊಟವನ್ನೂ ಮರೆತು ನೋಡುತ್ತಿದ್ದ 'ಬೆನ್ 10: ಏಲಿಯನ್ ಫೋರ್ಸ್' ಸರಣಿಯ ಕಥೆಗಳನ್ನು ರೂಪಿಸಿದವರಲ್ಲಿ ಈತನೂ ಒಬ್ಬ.

ಮೆಕ್‌ಡಫಿ 1962ರಲ್ಲಿ ಡೆಟ್ರಾಯ್ಟ್ ನಗರದಲ್ಲಿ ಹುಟ್ಟಿದ. ಅವನದು ಕಪ್ಪು ಜನಾಂಗ. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷನ್ನೂ ಭೌತಶಾಸ್ತ್ರವನ್ನೂ ಓದಿ, ಬಳಿಕ ನ್ಯೂಯಾರ್ಕಿನಲ್ಲಿ ಚಲನಚಿತ್ರ ಕಲೆಯನ್ನು ಅಭ್ಯಾಸ ಮಾಡಿದ. ವ್ಯಾಪಾರ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದವನು 1987ರಲ್ಲಿ ಮಾರ್ವೆಲ್ ಕಾಮಿಕ್ಸ್ ಸಂಸ್ಥೆಯ ಸಂಪಾದಕ ವರ್ಗವನ್ನು ಸೇರಿದ.

ಅಲ್ಲಿನ ಕಥೆಗಳಲ್ಲಿ ಕಪ್ಪು ವರ್ಣದ ವೀರರು ಇರಲಿಲ್ಲವೆಂದಲ್ಲ. ಇದ್ದ ಕೆಲವರು ಒಂದೇ ಅಚ್ಚಿನಿಂದ ತೆಗೆದವರಂತೆ ಇದ್ದರು; ಅವರಲ್ಲಿ ಸ್ಕೇಟ್‌ಬೋರ್ಡ್ ಏರಿ ಬರುವವರೇ ಹಲವರು. ಮೆಕ್‌ಡಫಿ ಇದಕ್ಕಾಗಿ ಸಿಟ್ಟಿನ ಪತ್ರ ಬರೆಯಲಿಲ್ಲ. ಅದೇ ಅಚ್ಚಿನ ಇನ್ನಷ್ಟು ವೀರರ ಹೊಸ ಪುಸ್ತಕವೊಂದನ್ನು ತರೋಣವೆಂದು ಸಂಸ್ಥೆಗೆ ಒಂದು ಅಣಕು ಸಲಹೆಯನ್ನು ಬರೆದು ಕಳುಹಿಸಿದ! ಆದರೆ ಅಣಕಿಸಿ ಸುಮ್ಮನೆ ಕುಳಿತವನಲ್ಲ. ಡೆನಿಸ್ ಕೋವನ್, ಮೈಕೆಲ್ ಡೇವಿಸ್, ಡೆರೆಕ್ ಡಿಂಗಲ್ ಇವರೊಡನೆ ಕೂಡಿ ಮೈಲ್‌ಸ್ಟೋನ್ ಎಂಬ ಸಂಸ್ಥೆಯನ್ನು ಕಟ್ಟಿದ. 1993ರಲ್ಲಿ ಅದರ ಪುಸ್ತಕಗಳು ಹೊರಬಂದುವು. ಅಚ್ಚು ಮತ್ತು ಹಂಚಿಕೆ ಡಿಸಿ ಕಾಮಿಕ್ಸ್‌ನವರದು. ಕಥೆಯ ಹಕ್ಕು ಮಾತ್ರ ಮೈಲ್‌ಸ್ಟೋನಿನದೇ.

ಅವನ ವಾದವನ್ನು ನನ್ನ ಮಾತಿನಲ್ಲಿ ಹೀಗೆ ಹೇಳಬಹುದು. ಕಥೆಯೊಂದರಲ್ಲಿ ಒಂದು ಜನಾಂಗದವನು ಒಬ್ಬನೇ ಇದ್ದರೆ, ಆ ಜನಾಂಗದ ಭಾರವೆಲ್ಲ ಅವನೊಬ್ಬನ ಹೆಗಲ ಮೇಲೆ ಬೀಳುತ್ತದೆ. ಅವನು ಅಂಜಿದರೆ ಎಲ್ಲರೂ ಅಂಜುಬುರುಕರು. ಅವನು ತಪ್ಪಿದರೆ ಎಲ್ಲರೂ ತಪ್ಪಿದಂತೆ. ಹತ್ತಾರು ಮಂದಿ ಇದ್ದಾಗಲೇ ಒಬ್ಬೊಬ್ಬನೂ ಬರಿಯ ಮನುಷ್ಯನಾಗಿ ಬಾಳಬಲ್ಲ. ಮೈಲ್‌ಸ್ಟೋನಿನ 'ಐಕಾನ್' ಪುಸ್ತಕವನ್ನೇ ನೋಡಿರಿ. ಸಿರಿವಂತ ವಕೀಲನಾದ ನಾಯಕ ಹಳೆಯ ವಿಚಾರದವನು. ಅವನ ಜೊತೆಗಾತಿ ರಾಕೆಲ್ ಬಡ ಕೇರಿಯ ಹುಡುಗಿ, ಲೇಖಕಿಯಾಗುವ ಹಂಬಲದವಳು. ಇಬ್ಬರೂ ಕಪ್ಪು ಜನ. ಇಬ್ಬರಿಗೂ ಮಾತುಮಾತಿಗೆ ಭಿನ್ನಾಭಿಪ್ರಾಯ. 'ಸ್ಟ್ಯಾಟಿಕ್' ಎಂಬ ವಿದ್ಯುತ್ ವೀರನ ನಿಜವಾದ ಹೆಸರು ವರ್ಜಿಲ್ ಹಾಕಿನ್ಸ್. ಕಪ್ಪು ವರ್ಣದವನೆಂಬ ಕಾರಣಕ್ಕೆ ಫ್ಲಾರಿಡಾದ ಕಾನೂನು ಕಾಲೇಜು ಪ್ರವೇಶ ನಿರಾಕರಿಸಿದಾಗ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದವನೊಬ್ಬನ ಹೆಸರು ಅದು.

1997ರಲ್ಲಿ ಆ ಪುಸ್ತಕಗಳು ನಿಂತುಹೋದುವು. ಆದರೆ 2000ದಿಂದ 2004ರವರೆಗೆ 'ಸ್ಟ್ಯಾಟಿಕ್ ಶಾಕ್' ಎಂಬ ಟೆಲಿವಿಷನ್ ಸರಣಿಯಾಗಿ ವರ್ಜಿಲ್ ಮನೆಮನೆಗೆ ಬಂದ. ಅದರ ಒಂದು ಕಥೆಯಲ್ಲಿ, ಸಹಪಾಠಿಗಳ ಕಾಟದಿಂದ ಬೆಂದ ಹುಡುಗನೊಬ್ಬ ಶಾಲೆಗೆ ತಂದೆಯ ಪಿಸ್ತೂಲನ್ನು ತರುತ್ತಾನೆ. ಆ ಕಥೆಗೆ 2003ರಲ್ಲಿ ಹ್ಯೂಮನಿಟಾಸ್ ಬಹುಮಾನ ಬಂದಿತು. ಮಕ್ಕಳಾಟವೆನ್ನುವವರು ಇದನ್ನು ಗಮನಿಸಬೇಕು. 'ಜಸ್ಟೀಸ್ ಲೀಗ್' ಸರಣಿಗೂ ಅವನು ಬಹಳಷ್ಟು ಬರೆದ. 2011ರ ಫೆಬ್ರವರಿ 21ರಂದು, 49ನೆಯ ವಯಸ್ಸಿನಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ. ಅವನು ಬರೆದ 'ಆಲ್-ಸ್ಟಾರ್ ಸೂಪರ್‌ಮ್ಯಾನ್' ಚಿತ್ರ ಬಿಡುಗಡೆಯಾದದ್ದು ಮರುದಿನ.

ಇದೆಲ್ಲ ನನಗೇಕೆ ನಾಟಿತೆಂದು ಕೇಳಬಹುದು. ನಾನು ಕೊಪ್ಪಳದ ಕಡೆಯವನು. ಓದಲೆಂದು ಊರು ಬಿಟ್ಟು ಇಷ್ಟು ದೂರ ಬಂದವನು. ಒಮ್ಮೆ ನಾಟಕಕ್ಕೆ ಪಾತ್ರ ಹಂಚುವಾಗ ಗೆಳೆಯನೊಬ್ಬ, "ನೀನು ಬಾಯಿಬಿಟ್ಟರೆ ಸಾಕು, ಜನ ನಗುತ್ತಾರೆ ಕಣೋ. ಆಳಿನ ಪಾತ್ರ ನಿನಗೇ ಇರಲಿ" ಎಂದ. ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಜನ ನಕ್ಕರು, ನನಗೆ ಬಹುಮಾನವೂ ಬಂದಿತು. ಆ ರಾತ್ರಿ ಮಾತ್ರ ನಿದ್ರೆ ಬರಲಿಲ್ಲ. ನಮ್ಮೂರಿನ ಮೇಷ್ಟ್ರೂ ಅದೇ ಮಾತನ್ನಾಡುತ್ತಾರೆ, ಡಾಕ್ಟರೂ ಆಡುತ್ತಾರೆ, ಮಗನನ್ನು ಕಳೆದುಕೊಂಡು ಅಳುವ ತಾಯಿಯೂ ಆಡುತ್ತಾಳೆ. ಆಳಿನ ಪಾತ್ರ ಕೀಳೆಂದು ನಾನು ಹೇಳುತ್ತಿಲ್ಲ. ರಂಗದ ಮೇಲೆ ನಮ್ಮ ಮಾತನ್ನಾಡುವವನು ಅವನೊಬ್ಬನೇ ಆದುದೇ ನನ್ನ ನೋವು.

ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆದಿಲ್ಲ. ದೂರುವ ಬದಲು ಬರೆಯಬೇಕೆಂಬುದೇ ಮೆಕ್‌ಡಫಿಯಿಂದ ನಾನು ಕಲಿತ ಪಾಠ. ಮುಂದಿನ ವಾರ್ಷಿಕೋತ್ಸವಕ್ಕೆಂದು ನಾನೊಂದು ನಾಟಕವನ್ನು ಬರೆಯುತ್ತಿದ್ದೇನೆ. ಅದರಲ್ಲಿ ಆಳು, ಮೇಷ್ಟ್ರು, ಡಾಕ್ಟರು, ಸಾಲ ಕೊಟ್ಟು ಪೀಡಿಸುವ ಸಾಹುಕಾರ ಎಲ್ಲರೂ ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. ಪಾತ್ರ ವಹಿಸಲು ಇಷ್ಟವುಳ್ಳವರು ಸಂಜೆ ಹಾಸ್ಟೆಲಿಗೆ ಬಂದರೆ ಮಾತು ಕಲಿಸುವ ಹೊಣೆ ನನ್ನದು. ಗುರುಗಳೂ ಬಂದು ತಿದ್ದಬೇಕೆಂದು ನನ್ನ ಪ್ರಾರ್ಥನೆ.