ಮೂಗಿಗಿಂತ ಮೂಗುತಿ ಭಾರ!

ಮೊನ್ನೆ ಕೋರಕ್ಕೆ ಹೋಗಿದ್ದಾಗ ನಮ್ಮ ಮಾವ ಮೊಬೈಲಲ್ಲಿ ಒಂದು ಹಳೇ ಎಲೆಕ್ಟ್ರಿಕ್ ಕಾರು ತೋರಿಸಿದ್ರು. "ನೀನು ಇಂಜಿನಿಯರ್ ಅಲ್ವೇನೋ, ತಗೋಬಹುದಾ ಹೇಳು. ದಿನಾ ತುಮಕೂರಿಗೆ ಹೋಗಿ ಬಂದ್ರೆ ಸಾಕು."

ಬ್ಯಾಟರಿ ವಾರಂಟಿ ಮುಗಿದಿತ್ತು. ಬ್ಯಾಟರಿ ಎಷ್ಟು ಸವೆದಿದೆ ಅಂತ ರಿಪೋರ್ಟ್ ಇದೆಯಾ ಅಂತ ಮಾರೋನನ್ನ ಕೇಳಿದೆ. "ಓಡುತ್ತಲ್ಲಾ ಸಾರ್!" ಅಂದ. ಅಷ್ಟೇ ಅವನ ಗ್ಯಾರಂಟಿ. ನಾನು ಬೇಡ ಅಂದೆ, ಮಾವ ಮುಖ ಊದಿಸಿಕೊಂಡ್ರು.

ಇದೇನು ನಮಗೆ ಹೊಸ ಪಾಠ ಅಲ್ಲ. 2001ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೇವಾ ನೆನಪಿದೆಯಲ್ಲ? ಅದರ ಸೀಸದ ಬ್ಯಾಟರಿಗಳನ್ನ ಕೆಲವೇ ವರ್ಷಕ್ಕೆ ಬದಲಿಸಬೇಕಿತ್ತು. ಈಗಿನ ಲಿಥಿಯಂ ಬ್ಯಾಟರಿ ಬಹಳ ಬಾಳುತ್ತೆ, ಒಪ್ಪಿದೆ. 2020ರಲ್ಲಿ ಬಂದ ನೆಕ್ಸಾನ್ ಇವಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ. ಅಂದ್ರೆ 2028ರಿಂದ ಇಂಥ ಕಾರುಗಳು ಸಾಲುಸಾಲಾಗಿ ವಾರಂಟಿ ದಾಟುತ್ತವೆ. ಆಗ ಅವನ್ನ ಕೊಳ್ಳೋರು ಯಾರು? ನಮ್ಮ ಮಾವನಂಥವರೇ.

ಇನ್ನೊಂದು ತಮಾಷೆ ನೋಡಿ. ಹೊಸ ಎಲೆಕ್ಟ್ರಿಕ್ ಕಾರಿಗೆ ಬ್ಯಾಟರಿ ಸಮೇತ ಜಿಎಸ್‌ಟಿ 5%. ಅದೇ ಬ್ಯಾಟರಿ ಬಿಡಿಯಾಗಿ ಕೊಂಡರೆ 18%! ಉಳ್ಳವರಿಗೆ ರಿಯಾಯಿತಿ, ಹಳೇ ಕಾರಿನವರಿಗೆ ಬರೆ.

ಆರ್‌ಸಿ ವರ್ಗಾವಣೆಗೆ ಬ್ಯಾಟರಿ ತಪಾಸಣೆ ಪತ್ರ ಕಡ್ಡಾಯ ಮಾಡಲಿ. ಇಡೀ ಪ್ಯಾಕ್ ಬದಲಿಸದೆ, ಕೆಟ್ಟ ಮಾಡ್ಯೂಲ್ ಮಾತ್ರ ಬದಲಿಸೋ ದರವನ್ನ ಕಂಪನಿಗಳು ಮೊದಲೇ ಪ್ರಕಟಿಸಲಿ. ಅಲ್ಲೀವರೆಗೂ ರಿಪೋರ್ಟ್ ಇಲ್ಲದ ಕಾರು ಎಷ್ಟೇ ಅಗ್ಗವಾದ್ರೂ ಮುಟ್ಟಬೇಡಿ ಅಂತೀನಿ. ನೀವೇನಂತೀರಿ?