ಮರೆವಿನ ಜೀನು ಇದ್ದರೆ ಮರೆವು ಬಂದೇ ಬರುತ್ತದೆಯೇ?

ಮುಂಬಯಿಯ ಸಯನ್, ಮಾಟುಂಗಾದ ಕನ್ನಡ ಮನೆಗಳಲ್ಲಿ ಅಜ್ಜಿಗೆ ಮರೆವಿನ ಕಾಯಿಲೆ ಎಂದು ಗೊತ್ತಾದೊಡನೆ ಮಕ್ಕಳಿಗೆ ಹುಟ್ಟುವ ಪ್ರಶ್ನೆ: ಇದು ನಮಗೂ ಬರುತ್ತದಾ? ಎಂಜಲು ಕಳಿಸಿದರೆ ಉತ್ತರ ಹೇಳುತ್ತೇವೆ ಎನ್ನುವ ಆನ್‌ಲೈನ್ ಕಿಟ್‌ಗಳೂ ಈಗ ಬಂದಿವೆ.

ಹಂಟಿಂಗ್ಟನ್ ಎಂಬ ಆನುವಂಶಿಕ ಮಿದುಳಿನ ಕಾಯಿಲೆಯಲ್ಲಾದರೆ ಉತ್ತರ ಖಚಿತ. ಒಂದು ಜೀನಿನಲ್ಲಿ ಸಿ-ಎ-ಜಿ ಎಂಬ ಮೂರಕ್ಷರ 40 ಸಲಕ್ಕೂ ಮಿಕ್ಕಿ ಬಂದರೆ, ಆಯುಸ್ಸಿದ್ದವರಿಗೆ ಕಾಯಿಲೆ ತಪ್ಪದು. ಮರೆವು ತರುವ ಅಲ್ಝೈಮರ್ ಹಾಗಲ್ಲ. ಎಪಿಒಇ-4 ಎಂಬ ಜೀನ್ ರೂಪ ಅಪಾಯವನ್ನು ಹೆಚ್ಚಿಸುತ್ತದೆ, ಅಷ್ಟೇ. ಅದಿದ್ದೂ ಕೊನೆತನಕ ಚುರುಕಾಗಿದ್ದವರಿದ್ದಾರೆ. ಇಲ್ಲದೆಯೂ ಮನೆದಾರಿ ಮರೆತವರಿದ್ದಾರೆ.

ಜೀನು ಇರುವುದು ಒಂದು, ಅದು ಕೆಲಸಕ್ಕೆ ಬರುವುದು ಇನ್ನೊಂದು. ಜೀನುಗಳಿರುವ ಡಿಎನ್‌ಎ ಮೈಯ ಜೀವಕೋಶಗಳಲ್ಲೆಲ್ಲ ಹೆಚ್ಚುಕಮ್ಮಿ ಒಂದೇ. ಫ್ಲ್ಯಾಟಿನ ಮೂಲಪತ್ರ ಲಾಕರ್‌ನಲ್ಲೇ ಇರುತ್ತದೆ, ಕಚೇರಿಗೆ ಹೋಗುವುದು ಬೇಕಾದ ಪುಟದ ಜೆರಾಕ್ಸ್ ಮಾತ್ರ. ಆ ಜೆರಾಕ್ಸೇ ಆರ್‌ಎನ್‌ಎ. ಯಾವ ಕೋಶ ಯಾವ ಪುಟ ತೆಗೆಸುತ್ತದೆ ಎಂಬುದರ ಮೇಲೆ ನರಕೋಶವೂ ಯಕೃತ್ತಿನ ಕೋಶವೂ ಬೇರೆಯಾಗುತ್ತವೆ. ಒಂದು ಜೀನಿನ ಪ್ರತಿಗಳನ್ನು ಹಿಡಿದು ನಾಶ ಮಾಡುವ ಔಷಧವೂ ಬಂದಿದೆ: ಎಸ್‌ಒಡಿ-1 ಜೀನಿನ ದೋಷದಿಂದ ಬರುವ ಎಎಲ್‌ಎಸ್ ಎಂಬ ನರರೋಗಕ್ಕೆ ಟೋಫರ್ಸೆನ್, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆಯಿತು. ಬೆನ್ನುಹುರಿಯ ದ್ರವಕ್ಕೆ ಸೂಜಿಯಿಂದ ಕೊಡುವ ಮದ್ದು. ಅದೇ ಜಾತಿಯ ಹಂಟಿಂಗ್ಟನ್ ಔಷಧದ ದೊಡ್ಡ ಪ್ರಯೋಗವನ್ನು ಮಾತ್ರ 2021ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಪವಾಡದ ಸುದ್ದಿ ಓದುವಾಗ ಇದೂ ನೆನಪಿರಲಿ.

ಮಿದುಳಿನಲ್ಲಿ ಯಾವ ಪ್ರತಿಗಳು ಇವೆ ಎಂದು ತಿಳಿಯುವುದು ಸುಲಭವಲ್ಲ. ಬದುಕಿರುವವರ ಮಿದುಳನ್ನು ಕತ್ತರಿಸಿ ನೋಡಲಾಗದು. ಸತ್ತ ಮೇಲೆ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಅದಕ್ಕೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಿರುವ ಮಿದುಳು ಬ್ಯಾಂಕಿನಂಥ ಕಡೆ ದಾನ ಬಂದ ಮಿದುಳನ್ನು ತಡಮಾಡದೆ ಅತಿಶೀತದಲ್ಲಿ ಇಡುತ್ತಾರೆ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಜಗತ್ತಿನ ಜೀನ್ ಮಾಹಿತಿಯ ಬಹುಪಾಲು ಯುರೋಪ್ ಮೂಲದವರದು, ಅದರ ಅಳತೆ ನಮಗೆ ಹಾಗೇ ಹೊಂದುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿರುವ ‘ಜೀನೋಮ್ ಇಂಡಿಯಾ’ ಯೋಜನೆಯ 10,000 ಭಾರತೀಯರ ಮಾಹಿತಿ ಸಂಶೋಧಕರಿಗೆ ಸಿಕ್ಕಿದ್ದು 2025ರ ಜನವರಿಯಲ್ಲಷ್ಟೆ. ಅದೇ ಕೇಂದ್ರ ಕೋಲಾರದ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರ ರಕ್ತ, ಜೀನು, ನೆನಪುಗಳನ್ನು ವರ್ಷಗಟ್ಟಲೆ ಬೆನ್ನುಹತ್ತಿ ಪರೀಕ್ಷಿಸುತ್ತಿದೆ. ನನ್ನ ಮಟ್ಟಿಗೆ ಕಿಟ್ ಕಂಪನಿಗಳ ರಿಪೋರ್ಟಿಗಿಂತ ಈ ನಿಧಾನದ ಕೆಲಸವೇ ಹೆಚ್ಚು ನಂಬಬಲ್ಲದ್ದು.

ಹಾಗಾಗಿ ಮನೆಯ ಹಿರಿಯರಿಗೆ ಮರೆವು ಶುರುವಾದರೆ ಅರಳುಮರಳು ಎಂದು ಬಿಟ್ಟುಬಿಡಬೇಡಿ, ಕಿಟ್ಟಿಗೂ ಓಡಬೇಡಿ. ಸಯನ್ ಆಸ್ಪತ್ರೆಯಂಥ ಕಡೆ ವೈದ್ಯರಿಗೆ ತೋರಿಸಿ. ಮೊದಲು ಬಿ-12, ಥೈರಾಯ್ಡ್ ನೋಡಿಸಿ. ಅವುಗಳ ಕೊರತೆಯಿಂದ ಬಂದ ಮರೆವಿಗೆ ಮದ್ದಿದೆ. ಜೀನ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಆಮೇಲೆ, ತಿಳಿದ ವೈದ್ಯರೊಡನೆ ಕೂತು ತೀರ್ಮಾನಿಸಿ.